ಲೀಟರಿಗೆ ಇಪ್ಪತ್ತು

ಜೂನ್ 16, ಭಾನುವಾರ

ಎಣ್ಣೆ ಮಿಲ್ಲಿನವರು ಹೊಸ ವರ್ಷಕ್ಕೆ ಅಪ್ಪನಿಗೆ ಕೊಟ್ಟ ಡೈರಿ ಇದು. ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ, ಬೀಡಿ ಕಟ್ಟಿನ ಅಡಿಯಲ್ಲಿ ಸಿಕ್ಕಿತು. ಮೈಲೇಜು ಬರೆಯುವುದಕ್ಕೆ ಮಾತ್ರ ಎಂದುಕೊಂಡೇ ತೆಗೆದೆ. ಆದರೆ ಇವತ್ತು ಹೊಟ್ಟೆ ಎಷ್ಟು ಉರಿಯುತ್ತಿದೆಯೆಂದರೆ, ಇಲ್ಲಿ ಬರೆಯದಿದ್ದರೆ ಎದುರಿಗೆ ಸಿಕ್ಕವರಿಗೆಲ್ಲ ಬೈದುಬಿಡುತ್ತೇನೆ. ಅವ್ವನಿಗೆ ಓದಲು ಬಾರದು. ಅಪ್ಪನಿಗೆ ಹಾಳೆ ತಿರುಗಿಸಲು ಕೈ ಇಲ್ಲ. ಹಾಗಾಗಿ ಭಯವಿಲ್ಲ.

ರಾಂಪುರದ ಚಿರಂಜೀವಿ ಬಂದಿದ್ದ. ಹಳೆಯ ಗಾಡಿಗಳನ್ನು ಕೊಂಡು ಮಾರುವವನು. ಅಪ್ಪನ ಗೂಡ್ಸ್ ಗಾಡಿಗೆ ಮೂರು ಸುತ್ತು ಬಂದ, ಟೈರಿಗೆ ಒದ್ದ, ಸೀಟು ಎತ್ತಿ ಇಂಜಿನ್ನಿನ ಮುಖ ನೋಡಿದ. ಅಪ್ಪ ಚಪ್ಪರದ ಕೆಳಗೆ ಮಂಚದಲ್ಲಿ ಮಲಗಿ ಎಲ್ಲವನ್ನೂ ನೋಡುತ್ತಿದ್ದ. ಲಕ್ವ ಹೊಡೆದು ಆರು ವಾರವಾಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಅವತ್ತು ಹಾನಗಲ್ ಕ್ರಾಸಿನಲ್ಲಿ ಗಾಡಿಯನ್ನು ಪಕ್ಕಕ್ಕೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ಆಫ್ ಮಾಡಿ, ಆಮೇಲೆ ವಾಲಿದನಂತೆ. ಅಂಥ ಮನುಷ್ಯ.

ಅವ್ವನದು ಒಂದೇ ರಾಗ. "ಗಾಡಿ ಮಾರಿ ಕುರಿ ತರಾಣ. ಕುರಿ ಮರಿ ಹಾಕ್ತೈತೆ. ಗಾಡಿ ಏನು ಮರಿ ಹಾಕ್ತೈತಾ?"

"ಅಪ್ಪ ಎದ್ದ ಮ್ಯಾಲೆ ಏನ್ ಓಡಿಸ್ತಾನೆ, ಕುರೀನಾ?" ಎಂದೆ.

ಅವ್ವ ಅಪ್ಪನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ಚಿರಂಜೀವಿ ದುಡ್ಡು ಹೊಂದಿಸಿಕೊಳ್ಳಬೇಕಂತೆ, ಅಷ್ಟರಲ್ಲಿ ಆಷಾಢ ಬರುತ್ತದಂತೆ, ಆಷಾಢದಲ್ಲಿ ಅವನು ಸೈಕಲ್ಲನ್ನೂ ಕೊಳ್ಳುವುದಿಲ್ಲವಂತೆ. ಶ್ರಾವಣದ ಮೊದಲ ಸೋಮವಾರ ಬರ್ತೀನಿ ಎಂದು ಹೋದ. ಅವನು ಹೋದ ಮೇಲೆ ನಾನು ಅವ್ವನ ಕಾಲಿಗೆ ಬೀಳುವುದೊಂದು ಬಾಕಿ.

"ನಿಮ್ಮಪ್ಪನ ಕೈಯಾಗೆ ಅದು ಲೀಟ್ರಿಗೆ ಇಪ್ಪತ್ತು ಕೊಡ್ತಿತ್ತು. ಇಡೀ ಹಟ್ಟಿಗೇ ಗೊತ್ತು. ನಿನ್ನ ಕೈಯಾಗೆ ಡೀಸೆಲ್ ಕುಡಿಯಾಕೆ ನಿಂತೈತೆ" ಎಂದಳು ಅವ್ವ. ಬಹಳ ಹೊತ್ತು ಸೊಪ್ಪು ಬಿಡಿಸಿದಳು. ಕೊನೆಗೆ, "ಆತು. ಶ್ರಾವಣದೊಳಗೆ ನಿಮ್ಮಪ್ಪ ತೆಗೀತಿದ್ದಷ್ಟು ತೆಗ್ದು ತೋರ್ಸು. ಗಾಡಿ ಇರ್ಲಿ. ಇಲ್ಲಾಂದ್ರೆ ಕೀಲಿ ಚಿರಂಜೀವಿಗೆ."

ಕಳೆದ ಒಂದು ತಿಂಗಳ ಡೀಸೆಲ್ ಬಿಲ್ಲು, ಮೀಟರು ಎಲ್ಲ ಹಿಡಿದು ಭಾಗಿಸಿದೆ. ಲೀಟರಿಗೆ ಹದಿನೈದು ಪಾಯಿಂಟ್ ಒಂದು. ಇನ್ನು ಐದನ್ನು ಎಲ್ಲಿಂದ ತರಲಿ ಶಿವನೇ.

ಜೂನ್ 18, ಮಂಗಳವಾರ

ಚಳ್ಳಕೆರೆ ಮಿಲ್ಲಿನಲ್ಲಿ ಶೇಂಗಾ ಹಿಂಡಿ ತುಂಬಿಕೊಂಡು ಮೊಳಕಾಲ್ಮೂರಿಗೆ ಬಂದೆ. ಹಿಂಡಿ ಅಂಗಡಿಯ ರಾಧಮ್ಮನ ಆಳುಗಳು ಚೀಲ ಇಳಿಸುತ್ತಿದ್ದಾರೆ. ಬೇವಿನ ಮರದಡಿ ಕ್ಯಾಬಿನ್ನಿನಲ್ಲೇ ಕೂತು ಬರೆಯುತ್ತಿದ್ದೇನೆ.

ರಸ್ತೆಯೆಲ್ಲ ಇವತ್ತು ನೀರು ನಿಂತ ಹಾಗೆ ಕಾಣುತ್ತಿತ್ತು. ಹತ್ತಿರ ಹೋದರೆ ಒಣ ಟಾರು, ಮತ್ತೆ ಮುಂದೆ ನೀರು. ಹಿರೇಹಳ್ಳಿ ದಾಟಿದ ಮೇಲೆ ಗುಡ್ಡದ ಸಾಲಿನಲ್ಲಿ ಗಾಳಿಯ ಫ್ಯಾನುಗಳು ನಿಧಾನಕ್ಕೆ ತಿರುಗುತ್ತಿದ್ದವು. ಅವನ್ನೇ ನೋಡುತ್ತ ಹೋದರೆ ನಾನು ಓಡುತ್ತಿದ್ದೇನೋ, ರಸ್ತೆಯೇ ನನ್ನ ಕೆಳಗೆ ಓಡುತ್ತಿದೆಯೋ ತಿಳಿಯುವುದಿಲ್ಲ. ಚಿಕ್ಕವಳಿದ್ದಾಗ ಅಪ್ಪನ ಪಕ್ಕ ಕೂತು ಹೀಗೇ ನಿದ್ದೆ ಹೋಗುತ್ತಿದ್ದೆ. ಈಗ ನಿದ್ದೆ ಹೋದರೆ ಸೀದಾ ಕಲ್ಲುಬಂಡೆಗೇ.

ರಾಧಮ್ಮ ಚಹಾ ತಂದುಕೊಟ್ಟಳು. "ಏಮ್ಮಾ, ನಿನ್ನ ಗಾಡಿ ಬಲೇ ಸೌಂಡ್ ಮಾಡ್ತೈತಲ್ಲ" ಎಂದಳು.

"ನನ್ನದಲ್ಲಕ್ಕ, ಅಪ್ಪಂದು. ಅಪ್ಪ ಎದ್ದು ಬರೋವರ್ಗೂ ಅಷ್ಟೇ" ಎಂದೆ.

"ಅವುನಾ" ಎಂದು ತನ್ನ ತೆಲುಗಿನಲ್ಲೇ ಕೇಳಿ ಲೋಟ ತೆಗೆದುಕೊಂಡು ಹೋದಳು.

ಜೂನ್ 20, ಗುರುವಾರ

ಹದಿನೈದು ಪಾಯಿಂಟ್ ಎರಡು. ಥೂ.

ಜೂನ್ 23, ಭಾನುವಾರ

ಒಂದು ತಪ್ಪು ಮಾಡಿದ್ದೇನೆ. ಅಥವಾ ಬಲು ಬುದ್ಧಿವಂತಿಕೆ ಮಾಡಿದ್ದೇನೆ. ಯಾವುದೆಂದು ಇನ್ನೆರಡು ದಿನದಲ್ಲಿ ಗೊತ್ತಾಗುತ್ತದೆ.

ಚಳ್ಳಕೆರೆಯಲ್ಲಿ ಸಂಗಮೇಶ್ ಎಂಬವನು ಹೊಸದಾಗಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದಾನೆ. ಮೈಲೇಜು ಬರುತ್ತಿಲ್ಲ ಎಂದೆ. ಯಾವ ಆಯಿಲ್ ಎಂದು ಕೇಳಿದ. ಅಪ್ಪ ಹಾಕುತ್ತಿದ್ದ ಇಪ್ಪತ್ತು-ಡಬ್ಲ್ಯೂ-ಐವತ್ತು ಎಂದೆ. ಎದೆ ಹಿಡಿದುಕೊಂಡ ಹಾಗೆ ನಾಟಕ ಮಾಡಿದ. "ಅಕ್ಕಾ, ಅದು ಎಣ್ಣೆ ಅಲ್ಲ, ಬೆಲ್ಲದ ಪಾಕ! ಇಂಜಿನ್ ಪಾಪ ಅದ್ರೊಳಗೆ ಈಜಿ ಈಜಿ ಸಾಯ್ತೈತೆ. ತೆಳ್ಳಗಿನ್ದು ಹಾಕ್ರಿ, ಐದು-ಡಬ್ಲ್ಯೂ-ಮೂವತ್ತು. ಗಾಡಿ ಹಕ್ಕಿ ಆಗ್ತೈತೆ."

ಅಪ್ಪ ಎಂಟು ವರ್ಷದಿಂದ ಗಟ್ಟಿ ಎಣ್ಣೆಯನ್ನೇ ಹಾಕಿದ್ದಾನೆ. ಅಂಗೈಗೆ ಒಂದು ಹನಿ ಬಿಟ್ಟು, ಹೆಬ್ಬೆರಳಲ್ಲಿ ಉಜ್ಜಿ, "ಎಣ್ಣೆ ಅಂದ್ರೆ ಮೈಗೆ ಅಂಟ್ಕೋಬೇಕು ಮಗಳೇ" ಎನ್ನುತ್ತಿದ್ದ. ಆದರೆ ಅಂಟಿಕೊಂಡಿದ್ದರಿಂದಲೇ ಗಾಡಿ ಏಳುತ್ತಿಲ್ಲವೇನೋ ಎಂಬ ಆಸೆ ನನ್ನದು. ಅಪ್ಪನ ಮೆಕ್ಯಾನಿಕ್ ದಾಸಣ್ಣ ಮಾವನ ಹತ್ತಿರ ಹೋದರೆ ಬೈಗುಳ ಗ್ಯಾರಂಟಿ. ಅದಕ್ಕೇ ಸಂಗಮೇಶನ ಅಂಗಡಿಯ ಹಿಂದೆಯೇ ಬದಲಾಯಿಸಿಬಿಟ್ಟೆ. ಹಳೆಯ ಎಣ್ಣೆ ಕಪ್ಪಗೆ, ದಾರದ ಹಾಗೆ ಇಳಿಯಿತು. ಇಳಿದು ಮುಗಿಯುವವರೆಗೆ ಅದನ್ನೇ ನೋಡುತ್ತ ನಿಂತೆ. ಅಪ್ಪನಿಗೆ ಹೇಳಿಲ್ಲ. ಹೇಳಿದರೆ ಅವನೇನು ತಿರುಗಿ ಬೈಯುತ್ತಾನೆಯೇ? ಅದಕ್ಕೇ ಹೇಳಲಾಗುತ್ತಿಲ್ಲ.

ಜೂನ್ 25, ಮಂಗಳವಾರ

ಹದಿನೆಂಟು ಪಾಯಿಂಟ್ ಒಂಬತ್ತು!

ಬೆಳಿಗ್ಗೆ ಚಳ್ಳಕೆರೆ ಬಂಕಿನಲ್ಲಿ ಟ್ಯಾಂಕಿನ ಕತ್ತಿನವರೆಗೆ ತುಂಬಿಸಿದೆ. ಮೊಳಕಾಲ್ಮೂರಿನ ಬಂಕಿನಲ್ಲಿ ಮತ್ತೆ ಕತ್ತಿನವರೆಗೆ. ನಡುವೆ ಎಷ್ಟು ಕುಡಿಯಿತು ಎಂಬುದು ಬಿಲ್ಲಿನಲ್ಲೇ ಸಿಕ್ಕಿತು. ಬಂಕಿನ ಹುಡುಗಿಯ ಮುಂದೆಯೇ ಕುಣಿದುಬಿಡುತ್ತಿದ್ದೆ. ಬರುವಾಗ ಶೇಂಗಾ ಹೊಟ್ಟಿನ ಚೀಲಗಳನ್ನು ಕ್ಯಾಬಿನ್ನಿಗಿಂತ ಎತ್ತರ ಹೇರಿಕೊಂಡು, ಬಾಯಿಗೆ ಬಂದ ಪದ ಹಾಡಿಕೊಂಡು ಬಂದೆ.

ಹಟ್ಟಿಗೆ ಬಂದು ಅಪ್ಪನ ಮಂಚದ ಪಕ್ಕ ಗಾಡಿ ನಿಲ್ಲಿಸಿದೆ. ಇಂಜಿನ್ ಓಡುತ್ತಿತ್ತು. ಅಪ್ಪ ಕಿವಿಗೊಟ್ಟು ಕೇಳಿದ. ಆಮೇಲೆ ನಿಧಾನಕ್ಕೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ನನ್ನ ಜೀವವೇ ಹೋಯಿತು. ಕೇಳಿಸಿರಬೇಕು. ಕಣ್ಣು ಮುಚ್ಚಿಕೊಂಡೇ ಯಾರ ಗಾಡಿ ಹೋಯಿತು ಎಂದು ಹೇಳುತ್ತಿದ್ದ ಮನುಷ್ಯನಿಗೆ ತನ್ನ ಗಾಡಿಯ ರಕ್ತ ಬದಲಾಗಿದ್ದು ಕೇಳಿಸುವುದಿಲ್ಲವೇ?

ಜುಲೈ 7, ಭಾನುವಾರ

ಆಷಾಢ ಬಂತು, ಹದಿನೈದು ದಿನದಿಂದ ಬೀಸುತ್ತಿದ್ದ ಗಾಳಿ ಇನ್ನೂ ಜೋರಾಯಿತು. ಪಡುವಣದ ಕಾವಲಿನ, ಆ ಹುಲ್ಲುಬಯಲಿನ ಕಡೆಯಿಂದ ಬೀಸುತ್ತದೆ. ಚಪ್ಪರದ ಗರಿ ಹಾರದ ಹಾಗೆ ಕಲ್ಲು ಹೇರಿದ್ದೇವೆ. ಅಪ್ಪನಿಗೆ ಕಂಬಳಿ ಹೊದಿಸಿದರೆ ಅದೂ ಹಾರಲು ನೋಡುತ್ತದೆ. ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿರುತ್ತಾನೆ.

ಹತ್ತೊಂಬತ್ತು ಪಾಯಿಂಟ್ ಎರಡು ಬಂದಿದೆ. ಇನ್ನು ಮುಕ್ಕಾಲು ಚಿಲ್ಲರೆ ಸಾಕು.

ನಿನ್ನೆ ಬೇವಿನ ಮರದಡಿ ಕ್ಯಾಬಿನ್ನಿನಲ್ಲಿ ತೂಕಡಿಸಿದಾಗ ಒಂದು ಕನಸು ಬಿತ್ತು. ಮೊಳಕಾಲ್ಮೂರಿನ ಬಂಡೆಗುಡ್ಡಗಳ ಮೇಲಿಂದ ಜೇನಿನ ಬಣ್ಣದ ಎಣ್ಣೆ ಇಳಿದು ಬರುತ್ತಿದೆ, ಸದ್ದೇ ಇಲ್ಲ. ರಸ್ತೆಯ ತುಂಬ ಅದೇ. ಅಪ್ಪ ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದದಲ್ಲಿ ನಿಂತಿದ್ದಾನೆ. ಎರಡೂ ಕಾಲಲ್ಲಿ, ನೆಟ್ಟಗೆ! ಬೊಗಸೆಯಲ್ಲಿ ಎತ್ತಿ ಎತ್ತಿ ಸುರಿಯುತ್ತಾನೆ. ಅದು ಎಳೆಯಾಗಿ ಇಳಿದು ಮುಗಿಯುವುದೇ ಇಲ್ಲ. ನಾನು ದಡದಲ್ಲಿ ನಿಂತು ಬಾ ಅಪ್ಪ, ಗಾಡಿ ಸ್ಟಾರ್ಟ್ ಮಾಡು ಎನ್ನುತ್ತೇನೆ. ಅಪ್ಪ ನಗುತ್ತಾನೆ, ಬರುವುದಿಲ್ಲ. ಎಚ್ಚರವಾದಾಗ ಕೆನ್ನೆ ಒದ್ದೆಯಾಗಿತ್ತು. ಕಿಟಕಿಯಿಂದ ಬೇವಿನ ಹೂವು ಉದುರಿ ಸೀಟಿನ ತುಂಬ ಬಿದ್ದಿದ್ದವು ಎಂದು ಬರೆಯಬೇಕೆನಿಸಿತು, ಆದರೆ ಈ ಕಾಲದಲ್ಲಿ ಬೇವು ಹೂ ಬಿಡುವುದಿಲ್ಲ. ಬರೀ ಧೂಳು.

ಜುಲೈ 10, ಬುಧವಾರ

ಮಾನ ಹೋಯಿತು.

ಮಧ್ಯಾಹ್ನ ಹಾನಗಲ್ಲಿನಲ್ಲಿ ಕುರಿ ಹಿಂಡೊಂದು ರಸ್ತೆ ದಾಟುತ್ತಿತ್ತು. ಇಂಜಿನ್ ಓಡುತ್ತಿರುವಂತೆಯೇ ನಿಂತೆ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಯ ಕೆಂಪು ದೀಪ ಮಿಣುಕ್ ಎಂದಿತು. ಕೆಳಗಿನಿಂದ ಟಕ ಟಕ ಟಕ ಸದ್ದು. ಕೂಡಲೇ ಆಫ್ ಮಾಡಿದೆ. ಅರ್ಧ ಗಂಟೆ ಆರಲು ಬಿಟ್ಟು, ಸೀದಾ ಚಳ್ಳಕೆರೆಗೆ, ದಾಸಣ್ಣ ಮಾವನ ಗ್ಯಾರೇಜಿಗೆ.

ಮಾವ ಎಣ್ಣೆ ಅಳೆಯುವ ಡಿಪ್ ಸ್ಟಿಕ್ ಎಳೆದ, ಮೂಸಿದ, ಬೆರಳಲ್ಲಿ ಉಜ್ಜಿದ. "ಯಾವನು ಹಾಕಿದ್ದು ಈ ನೀರ್ನ?"

"ನಾನೇ."

"ನಿಮ್ಮಪ್ಪ ಇಪ್ಪತ್ತು-ಐವತ್ತು ಹಾಕಿ ಅದ್ರ ಉಸ್ರು ಕಟ್ಟಿಸ್ತಿದ್ದ. ನೀನು ಐದು-ಮೂವತ್ತು ಹಾಕಿ ಮೂಳೆ ಸವೆಸ್ತಾ ಇದೀಯ. ಅಪ್ಪ ಮಗಳು ಸೇರಿ ಅದನ್ನ ಸಾಯಿಸ್ಬೇಕಂತಾನೇ ಇದೀರಾ?" ನನ್ನ ಮುಖ ನೋಡಿ ದನಿ ಸ್ವಲ್ಪ ಇಳಿಸಿದ. ಡಬ್ಬಿಯ ಮೇಲಿನ ನಂಬರಿನ ಮೇಲೆ ಬೆರಳಿಟ್ಟ. "ನೋಡು ತಾಯಿ. ಡಬ್ಲ್ಯೂಗಿಂತ ಮೊದ್ಲಿಂದು, ತಣ್ಣಗಿದ್ದಾಗ ಎಷ್ಟು ಸಲೀಸಾಗಿ ಹರೀತೈತೆ ಅಂತ. ಆಮೇಲಿಂದು, ಇಂಜಿನ್ ಕಾದ ಮ್ಯಾಲೂ ಎಷ್ಟು ಮಂದ ಉಳೀತೈತೆ ಅಂತ. ಬಾಳ ಮಂದ ಇದ್ರೆ ಎಣ್ಣೆನೇ ತಳ್ಳಾಕೆ ಡೀಸೆಲ್ ಸುಡ್ತೈತೆ. ಬಾಳ ತೆಳ್ಳಗಾದ್ರೆ, ನಮ್ಮ ಬಿಸ್ಲಿಗೆ, ಈ ಸವೆದ ಇಂಜಿನ್ನಿಗೆ, ಕಬ್ಬಿಣಕ್ಕೆ ಕಬ್ಬಿಣ ತಾಗ್ತೈತೆ. ಇದ್ರ ಪುಸ್ತಕದಾಗೆ ಏನ್ ಬರ್ದೈತೆ, ಯಾವತ್ತಾದ್ರೂ ನೋಡೀಯಾ?"

ಇಲ್ಲ. ಪುಸ್ತಕವೂ ಡ್ಯಾಶ್‌ಬೋರ್ಡಿನಲ್ಲೇ ಇತ್ತು. ಹದಿನೈದು-ಡಬ್ಲ್ಯೂ-ನಲವತ್ತು. ಕಪ್ಪು ಅಕ್ಷರದಲ್ಲಿ, ಎದ್ದು ಕಾಣುವ ಹಾಗೆ.

"ಆದ್ರೆ ಮೈಲೇಜು ನಾಕು ಕಿಲೋಮೀಟ್ರು ಜಾಸ್ತಿ ಬಂತಲ್ಲ ಮಾವ?"

"ಎಣ್ಣೆ ತೆಳು ಮಾಡಿದ್ರೆ ಹೆಚ್ಚಂದ್ರೆ ಅರ್ಧ ಸಿಕ್ಕೀತು. ನಾಕು ಕೊಡೋ ಎಣ್ಣೆ ಇನ್ನೂ ಹುಟ್ಟಿಲ್ಲ. ನೀನು ಎಲ್ಲೋ ತಪ್ಪು ಅಳ್ದೀಯ."

ಪುಸ್ತಕದ ಎಣ್ಣೆಯನ್ನೇ ಹಾಕಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಮಾವನಿಗೆ ಮನಸ್ಸಿನಲ್ಲೇ ಬೈದೆ. ನಾನೇನು ಅಳೆಯಲು ಬಾರದವಳೇ?

ಜುಲೈ 13, ಶನಿವಾರ

ಗಾಡಿಯನ್ನು ಮಂಚದ ಪಕ್ಕ ನಿಲ್ಲಿಸಿ ಓಡಲು ಬಿಟ್ಟೆ. ಅಪ್ಪ ಈ ಸಲ ಮುಖ ತಿರುಗಿಸಲಿಲ್ಲ. ಹುಬ್ಬು ಗಂಟಿಕ್ಕಿ ಕೇಳಿದ. "ಗಟ್ಟಿದಲ್ಲ ಅಪ್ಪ, ತೆಳ್ಳಂದೂ ಅಲ್ಲ. ಪುಸ್ತಕದಾಗಿರೋದು. ಮಧ್ಯದಲ್ಲಿ ನಾನು ಒಂದು ಪೆದ್ದುತನ ಮಾಡಿದ್ದೆ" ಎಂದು ಎಲ್ಲ ಹೇಳಿದೆ. ಮೂರು ವಾರ ಎದೆಯಲ್ಲಿ ಇಟ್ಟುಕೊಂಡದ್ದು ಮೂರು ನಿಮಿಷಕ್ಕೆ ಮುಗಿಯಿತು. ಅಪ್ಪ "ಊಂ" ಎಂದ. ಆ ಊಂಗೆ ಅರ್ಥ ಏನೋ, ನನಗಂತೂ ನಿರಾಳವಾಯಿತು.

ಆದರೆ ಒಂದು ವಿಚಿತ್ರ. ಈ ಎಣ್ಣೆಯಲ್ಲೂ ಮೊಳಕಾಲ್ಮೂರಿಗೆ ಹದಿನೆಂಟು ಪಾಯಿಂಟ್ ಆರು ಬಂದಿದೆ. ಹಾಗಾದರೆ ತೆಳ್ಳನೆಯ ಎಣ್ಣೆ ಏನು ಕೊಟ್ಟಂತಾಯಿತು?

ಜುಲೈ 17, ಬುಧವಾರ

ಕುರಿ ಕಾಯುವವರ ಮಗಳು ನಾನು. ನನಗೆ ನಾಚಿಕೆಯಾಗಬೇಕು.

ಬಿ.ಜಿ.ಕೆರೆಯ ಹತ್ತಿರ ನೀರು ಕುಡಿಯಲು ನಿಲ್ಲಿಸಿದ್ದೆ. ಹೊಲದಲ್ಲಿ ಬೋರಣ್ಣ ಮಾವನ ಹಿಂಡು ನಿಂತಿತ್ತು. ನಮ್ಮ ಹಟ್ಟಿಯವನೇ, ನಮ್ಮ ಗುಡಿಸಲ ಪಕ್ಕದವನು. ನೂರು ಕುರಿ, ಒಂದೂ ಮೇಯುತ್ತಿಲ್ಲ. ಎಲ್ಲವೂ ಗಾಳಿಗೆ ಬೆನ್ನು ಕೊಟ್ಟು, ತಲೆ ತಗ್ಗಿಸಿ, ಒಂದೇ ಕಡೆ ಮುಖ ಮಾಡಿ ನಿಂತಿವೆ. ಎಷ್ಟು ಹೊತ್ತು ನೋಡಿದೆನೋ. ಗಾಳಿ ಅವುಗಳ ಉಣ್ಣೆಯನ್ನು ಒಂದೇ ಕಡೆಗೆ ಬಾಚುತ್ತಿತ್ತು. ಮೇಲೆ, ಬಲು ಎತ್ತರದಲ್ಲಿ, ಕಾವಲಿನಲ್ಲಿ ಸರ್ಕಾರದವರು ಹಾರಿಸಿ ಪರೀಕ್ಷೆ ಮಾಡುವ ಡ್ರೈವರ್ ಇಲ್ಲದ ವಿಮಾನವೊಂದು ಸದ್ದಿಲ್ಲದೆ ತೇಲುತ್ತಿತ್ತು. ಅದಕ್ಕೆ ಯಾವ ಎಣ್ಣೆ ಹಾಕುತ್ತಾರೋ, ಲೀಟರಿಗೆ ಎಷ್ಟೋ. ಎಲ್ಲವೂ ನಿಂತುಹೋದ ಹಾಗಿತ್ತು. ಆಗ ಹೊಳೆಯಿತು.

ಆ ಕುರಿಗಳು ಯಾವ ಕಡೆ ಮುಖ ಮಾಡಿವೆ? ಮೊಳಕಾಲ್ಮೂರಿನ ಕಡೆ.

ಎಣ್ಣೆ ಬದಲಾಯಿಸಿದ ಮೇಲೆ ನಾನು ಅಳೆದದ್ದೆಲ್ಲ ಹೋಗುವಾಗ ಮಾತ್ರ! ಗಾಳಿ ಬೆನ್ನಿಗೆ ನಿಂತು ನೂಕುವಾಗ. ಬರುವಾಗ ಹೊಟ್ಟಿನ ಚೀಲವನ್ನು ಗೋಪುರ ಮಾಡಿಕೊಂಡು ಅದೇ ಗಾಳಿಗೆ ಎದೆ ಕೊಟ್ಟು ಬರುತ್ತೇನೆ, ಅದನ್ನು ಅಳೆದೇ ಇಲ್ಲ. ಹಟ್ಟಿ ಸಿಕ್ಕ ಕೂಡಲೇ ಗಾಡಿ ನಿಲ್ಲಿಸಿಬಿಡುತ್ತಿದ್ದೆ. ಹುಟ್ಟಿದಾಗಿನಿಂದ ಆಷಾಢದ ಗಾಳಿ ನೋಡಿದವಳು, ಯಾವ ಗುಡ್ಡದ ಮರೆಗೆ ಹಿಂಡು ತರುಬಬೇಕು ಎಂದು ಹತ್ತು ವರ್ಷಕ್ಕೇ ಕಲಿತವಳು, ಸ್ಟೇರಿಂಗ್ ಹಿಡಿದ ಕೂಡಲೇ ಗಾಳಿ ಇದೆ ಎನ್ನುವುದನ್ನೇ ಮರೆತೆ.

ಗಾಡಿಯೊಳಗೆ ಕೂತು ಒಬ್ಬಳೇ ನಕ್ಕೆ. ಆಮೇಲೆ ಒಬ್ಬಳೇ ಅತ್ತೆ.

ಜುಲೈ 18, ಗುರುವಾರ

ಹಟ್ಟಿ ದಾಟಿ ಚಳ್ಳಕೆರೆಯವರೆಗೆ ಹೋಗಿ ತುಂಬಿಸಿದೆ. ಹೋಗಿ ಬಂದು ಎರಡೂ ಸೇರಿ ಹದಿನೈದು ಪಾಯಿಂಟ್ ಎಂಟು.

ಉಳಿದಿರುವುದು ಹದಿನೆಂಟು ದಿನ.

ಜುಲೈ 24, ಬುಧವಾರ

ಅಪ್ಪ ಪಾಠ ಶುರು ಮಾಡಿದ್ದಾನೆ. ಯಾರೂ ಕೇಳಿರಲಿಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡಿ, ಅಭ್ಯಾಸದಂತೆ ಆಕ್ಸಿಲರೇಟರ್ ಒತ್ತಿ ಎರಡು ಸಲ ಗುರ್ ಎನ್ನಿಸಿದೆ. ಮಂಚದಿಂದ ಎಡಗೈ ಮೇಲೆದ್ದಿತು. ಅಂಗೈಯನ್ನು ಮೆಲ್ಲಗೆ ಕೆಳಕ್ಕೆ ಇಳಿಸಿದ. ಇನ್ನೂ ಕೆಳಕ್ಕೆ. ಕಾಲು ತೆಗೆದೆ. ಎಣ್ಣೆ ಇನ್ನೂ ತಣ್ಣಗಿದೆ, ಮೇಲೇರಲಿ ಬಿಡು ಎಂದು ಅರ್ಥ. ಗೇರು ಹಾಕಿ ಹೊರಟಾಗ ಮತ್ತೆ ಕೈ. ಹಟ್ಟಿಯ ಬೇಲಿಯ ತನಕ ಮೂರು ಸಲ ಹೋಗಿ ಬಂದೆ. ಮೂರನೇ ಸಲ ಕೈ ಅಲ್ಲಾಡಲಿಲ್ಲ.

ಅವ್ವ ಒಲೆಯ ಹತ್ತಿರದಿಂದ, "ಅಪ್ಪ ಮಗಳಿಗೆ ಬ್ಯಾರೆ ಕ್ಯಾಮೆ ಇಲ್ಲ" ಎಂದಳು. ಆದರೆ ಅಪ್ಪನ ತಲೆದಿಂಬು ಎತ್ತರ ಮಾಡಿ, ಗಾಡಿ ಕಾಣುವ ಹಾಗೆ ಮಂಚ ತಿರುಗಿಸಿದ್ದು ಅವಳೇ.

ಇವತ್ತು ಇನ್ನೂ ಎರಡು ಕೆಲಸ ಮಾಡಿದೆ. ಟೈರಿಗೆ ಸರಿಯಾಗಿ ಗಾಳಿ ಹಾಕಿಸಿದೆ. ನಾಲ್ಕರಲ್ಲಿ ಮೂರು ಸೊರಗಿದ್ದವು, ಚಿರಂಜೀವಿ ಒದ್ದಾಗಲೇ ಅವನಿಗೆ ಗೊತ್ತಾಗಿರಬೇಕು. ಹೊಟ್ಟಿನ ಚೀಲಗಳನ್ನು ಗೋಪುರ ಮಾಡದೆ ಎರಡು ಸಾಲು ಕಡಿಮೆ ಹೇರಿ, ತಾಡಪಾಲು ಬಿಗಿದೆ.

ಜುಲೈ 28, ಭಾನುವಾರ

ಹೋಗಿ ಬಂದು ಹದಿನಾರು ಪಾಯಿಂಟ್ ಒಂಬತ್ತು.

ಐವತ್ತಕ್ಕಿಂತ ಜೋರು ಹೋಗುವುದಿಲ್ಲ. ಎಲ್ಲರೂ ನನ್ನನ್ನು ದಾಟಿ ಹೋಗುತ್ತಾರೆ, ಹಾರನ್ ಹೊಡೆದು ಬೈಯುತ್ತಾರೆ. ಬೈದುಕೊಳ್ಳಲಿ. ನಿಧಾನಕ್ಕೆ ಹೋದರೆ ಎಷ್ಟೊಂದು ಕಾಣುತ್ತದೆ! ಬ್ರಹ್ಮಗಿರಿಯ ಕಡೆಯ ಮೋಡಗಳ ನೆರಳು ಹೊಲದ ಮೇಲೆ ನಡೆದು ಬರುತ್ತದೆ, ರಸ್ತೆ ದಾಟುತ್ತದೆ, ಕ್ಯಾಬಿನ್ನಿನೊಳಗೆ ಒಂದು ಕ್ಷಣ ತಂಪು, ಮತ್ತೆ ಬಿಸಿಲು. ಶೇಂಗಾ ಹಳದಿ ಹೂ ಬಿಟ್ಟಿದೆ. ಇಂಜಿನ್ ಕಾದ ಮೇಲೆ ಒಂದೇ ಸಮ ಗುಂಯ್ ಎನ್ನುತ್ತದೆ, ಕಾಲಿಗೆ ಅದು ಮೊದಲು ತಿಳಿಯುತ್ತದೆ, ಆಮೇಲೆ ಕಿವಿಗೆ. ಎಣ್ಣೆ ಎಲ್ಲಿ ಹರಿಯುತ್ತಿದೆ, ಯಾವ ಸಂದಿಗೆ ಹೋಗಿ ಮುಟ್ಟುತ್ತಿದೆ ಎಂದು ಕೂಡ ಗೊತ್ತಾದ ಹಾಗಾಗುತ್ತದೆ. ಹುಚ್ಚು ಎನ್ನಬೇಕು.

ರಾಧಮ್ಮ ಇವತ್ತು, "ನಿನ್ನ ಗಾಡಿ ಸೌಂಡೇ ಇಲ್ಲದಂಗೆ ಬರ್ತೈತಮ್ಮಾ ಈಗ" ಎಂದಳು. ಹೂಂ ಅಕ್ಕ ಎಂದೆ.

ಆಗಸ್ಟ್ 2, ಶುಕ್ರವಾರ

ಹದಿನೇಳು ಪಾಯಿಂಟ್ ನಾಲ್ಕು. ನಾಲ್ಕು ಸಲ ಹೋಗಿ ಬಂದದ್ದರ ಸರಾಸರಿ. ಇದಕ್ಕಿಂತ ಮೇಲೆ ಹೋಗುವುದಿಲ್ಲ. ದಾಸಣ್ಣ ಮಾವನೂ ಹೇಳಿದ. "ಈ ಗಾಡಿ, ಈ ಲೋಡು, ಈ ಗಾಳಿ. ಇಷ್ಟಕ್ಕೆ ನಿಂಗೆ ಹಾರ ಹಾಕ್ಬೇಕು. ನಿಮ್ಮಪ್ಪ ಇಪ್ಪತ್ತು ಹೆಂಗೆ ತೆಗೀತಿದ್ದನೋ, ನಂಗಂತೂ ಇವತ್ತಿಗೂ ಅರ್ಥ ಆಗಿಲ್ಲ."

ಇಪ್ಪತ್ತು ಎಂದು ಅವ್ವನಿಗೆ ಹೇಳಿಬಿಡಬಹುದು. ಅವಳೇನು ಬಿಲ್ಲು ಓದುತ್ತಾಳೆಯೇ? ದಾರಿಯುದ್ದಕ್ಕೂ ಬಾಯಲ್ಲಿ ಅಂದು ನೋಡಿದೆ. ಇಪ್ಪತ್ತು ಬಂತವ್ವ. ಇಪ್ಪತ್ತು. ತಳಕಿನ ಹತ್ತಿರ ಬರುವಷ್ಟರಲ್ಲಿ ನನಗೇ ಅಸಹ್ಯವಾಯಿತು. ಹದಿನೇಳು ಪಾಯಿಂಟ್ ನಾಲ್ಕನ್ನು ಎಷ್ಟು ಕಷ್ಟಪಟ್ಟು ತೆಗೆದಿದ್ದೇನೆ, ಅದನ್ನೇಕೆ ಬಚ್ಚಿಡಲಿ? ಆದರೆ ಹೇಳಿದರೆ ಗಾಡಿ ಹೋಗುತ್ತದೆ. ಹೋದರೆ ನಾನು ಏನು ಮಾಡಲಿ? ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ?

ಆಗಸ್ಟ್ 4, ಭಾನುವಾರ

ಅಮಾವಾಸ್ಯೆ. ನನ್ನ ಗಾಡಿ ತೊಳೆದೆ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆ. ಅಪ್ಪ ನೋಡುತ್ತಿದ್ದ. ಒಂದು ಮಾತೂ ಬರೆಯಲು ಮನಸ್ಸಿಲ್ಲ.

ಆಗಸ್ಟ್ 5, ಸೋಮವಾರ

ಚಿರಂಜೀವಿ ಹತ್ತು ಗಂಟೆಗೆ ಬಂದ. ಶ್ರಾವಣದ ಮೊದಲ ಸೋಮವಾರ, ಹಣೆಗೆ ವಿಭೂತಿ ಬೇರೆ. ಬೋರಣ್ಣ ಮಾವ ಮತ್ತು ಹಟ್ಟಿಯ ಇನ್ನೂ ನಾಲ್ಕು ಜನ ಬೇಲಿಯ ಹತ್ತಿರ ಸೇರಿದರು. ಗಾಡಿ ಹೋಗುವುದನ್ನು ನೋಡಲು ಬಂದಿದ್ದರು, ಸುಳ್ಳೇಕೆ.

ಅವ್ವ ಎಲ್ಲರ ಮುಂದೆ ಕೇಳಿದಳು. "ಎಷ್ಟು ಬಂತು?"

"ಹದಿನೇಳು ಪಾಯಿಂಟ್ ನಾಕು" ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

"ಇಪ್ಪತ್ತಲ್ಲ."

"ಅಲ್ಲವ್ವ."

ಅವ್ವ ಕೈ ಚಾಚಿದಳು. ಸೊಂಟದಿಂದ ಕೀಲಿ ಬಿಚ್ಚಿ ಕೊಟ್ಟೆ. ಚಿರಂಜೀವಿ ಗಾಡಿಯ ಬಾಗಿಲು ತಟ್ಟುತ್ತ, "ಹುಡುಗೀರ ಕೈಯಾಗೆ ಹದಿನೇಳು ಬಂದಿದ್ದೇ ಹೆಚ್ಚು ಬಿಡಕ್ಕಾ. ಜುಂಜಣ್ಣನ ಕೈಯಾಗೆ ಇಪ್ಪತ್ತು ಕೊಟ್ಟ ಗಾಡಿ ಇದು, ಹೆಸರುವಾಸಿ" ಎಂದ.

ಧಡ್ ಎಂದು ಸದ್ದಾಯಿತು. ಅಪ್ಪ ಮಂಚದ ಪಟ್ಟಿಗೆ ಎಡಗೈಯಲ್ಲಿ ಗುದ್ದಿದ್ದ. ಎಲ್ಲರೂ ತಿರುಗಿದೆವು.

"ಏನ್ ಬೇಕು, ನೀರಾ?" ಎಂದಳು ಅವ್ವ.

ಅಪ್ಪ ತಲೆ ಅಲ್ಲಾಡಿಸಿದ. ಕೈಯನ್ನು ಗಾಡಿಯ ಕಡೆ ತೋರಿಸಿದ. ತನ್ನ ಎದೆ ಮುಟ್ಟಿಕೊಂಡ. ಆಮೇಲೆ ಐದು ಬೆರಳು ಬಿಚ್ಚಿ ಎತ್ತಿ ಹಿಡಿದ. ಮುಚ್ಚಿದ. ಮತ್ತೆ ಐದು. ಮುಚ್ಚಿದ. ಮೂರನೇ ಸಲ ಹೆಬ್ಬೆರಳು ಮಡಚಲು ಒದ್ದಾಡಿದ. ಮಡಚಿದ. ನಾಲ್ಕು.

ಯಾರಿಗೂ ಅರ್ಥವಾಗಲಿಲ್ಲ. ಅಪ್ಪ ಮತ್ತೆ ಮೊದಲಿನಿಂದ ಮಾಡಿದ. ಗಾಡಿ. ಎದೆ. ಐದು, ಐದು, ನಾಲ್ಕು.

"ಹದಿನಾಕು" ಎಂದ ಬೋರಣ್ಣ ಮಾವ.

ನಾನು ಮಂಚದ ಹತ್ತಿರ ಹೋಗಿ ಕೂತೆ. "ಅಪ್ಪ, ನಿಂಗೆ ಬರ್ತಿದ್ದಿದ್ದು ಹದಿನಾಕಾ?"

"ಊಂ" ಎಂದ ಅಪ್ಪ.

ಬೋರಣ್ಣ ಮಾವನ ನಗು ಸಿಡಿಯಿತು. "ಎಲಾ ಇವ್ನ! ಎಂಟು ವರ್ಷ ಇಪ್ಪತ್ತು ಇಪ್ಪತ್ತು ಅಂತ ನಮ್ಮ ಕಿವಿ ತೂತು ಮಾಡಿದ್ಯಲ್ಲೋ ಜುಂಜಣ್ಣ! ನಿನ್ನ ಮಾತು ಕೇಳಿ ನಾನು ನನ್ನ ಬೈಕಿಗೂ ಗಟ್ಟಿ ಎಣ್ಣೆ ಹಾಕಿದ್ದೆ!" ಎಲ್ಲರೂ ನಕ್ಕರು. ಅಪ್ಪನ ಮುಖದ ಎಡಭಾಗ ನಕ್ಕಿತು. ಎರಡೂ ಕಣ್ಣಿಂದ ನೀರು ಇಳಿಯಿತು.

ಅವ್ವ ನಗಲಿಲ್ಲ. ಅಂಗೈಯಲ್ಲಿದ್ದ ಕೀಲಿಯನ್ನು ಬಹಳ ಹೊತ್ತು ನೋಡಿದಳು. "ನಾನೇನ್ ಇಪ್ಪತ್ತು ತೆಗಿ ಅಂದಿದ್ನಾ? ನಿಮ್ಮಪ್ಪ ತೆಗೀತಿದ್ದಷ್ಟು ತೆಗಿ ಅಂದಿದ್ದೆ" ಎಂದು ಕೀಲಿಯನ್ನು ನನ್ನ ಮಡಿಲಿಗೆ ಹಾಕಿದಳು. "ಚಿರಂಜೀವಿ, ಚಾ ಕುಡ್ದು ಹೋಗಪ್ಪ."

ಅವನು ಕುಡಿದು ಹೋದ.

ಎಲ್ಲರೂ ಹೋದ ಮೇಲೆ ಅಪ್ಪನ ಎಡಗೈ ಹಿಡಿದುಕೊಂಡು ಕೂತಿದ್ದೆ. ಕೈ ಹೋಯಿತು, ಕಾಲು ಹೋಯಿತು, ಮಾತು ಹೋಯಿತು. ಹಟ್ಟಿಯಲ್ಲಿ ತಲೆ ಎತ್ತಿಕೊಂಡಿರಲು ಅಪ್ಪನಿಗೆ ಉಳಿದಿದ್ದು ಆ ಇಪ್ಪತ್ತು ಒಂದೇ. ಜುಂಜಣ್ಣ ಅಂದರೆ ಲೀಟರಿಗೆ ಇಪ್ಪತ್ತು. ಅದನ್ನೂ ಇವತ್ತು ಎಲ್ಲರ ಮುಂದೆ, ಒಂದೇ ಕೈಯಲ್ಲಿ, ನನಗೆ ಕೊಟ್ಟುಬಿಟ್ಟ.